ಊರು ಕಟ್ಟಿದವರು ಊರಿನ ಹೊರಗೆ

ಜೂಲ್ಸ್ ವರ್ನ್ ಅಂದರೆ ಜಲಾಂತರ್ಗಾಮಿ, ಚಂದ್ರಯಾನ, ಎಂಬತ್ತು ದಿನದಲ್ಲಿ ಪ್ರಪಂಚ ಸುತ್ತೋದು. ಈ ಫ್ರೆಂಚ್ ಕಾದಂಬರಿಕಾರನ ಪರಿಚಯ ನಮ್ಮಲ್ಲಿ ಇಷ್ಟಕ್ಕೇ ನಿಂತುಬಿಟ್ಟಿದೆ. ನಾಳಿನ ಯಂತ್ರಗಳನ್ನು ಮೊದಲೇ ಕಂಡವನು ಎಂದು ಹೊಗಳುತ್ತಾರೆ. ಇರಲಿ. ಯಂತ್ರ ಕಂಡ ಆ ಕಣ್ಣಿಗೆ ದುಡಿಯುವ ಮನುಷ್ಯ ಎಷ್ಟು ಕಂಡ ಅನ್ನೋದು ನಮ್ಮ ಪ್ರಶ್ನೆ.

ಗುಲಾಮರ ವ್ಯಾಪಾರದಿಂದ ಕೊಬ್ಬಿದ್ದ ನಾಂಟ್ ಬಂದರಿನಲ್ಲಿ 1828ರಲ್ಲಿ ಹುಟ್ಟಿದ ವರ್ನ್ ವಕೀಲನ ಮಗ. ಕಾನೂನು ಓದಿದ, ನಾಟಕ ಬರೆದ, ಪ್ಯಾರಿಸ್ಸಿನ ಷೇರುಪೇಟೆಯಲ್ಲಿ ದುಡಿದ. 1863ರಲ್ಲಿ ಪ್ರಕಾಶಕ ಹೆಟ್ಸೆಲ್ ಅವನ ಬಲೂನು ಪಯಣದ ಕಾದಂಬರಿ ಅಚ್ಚು ಹಾಕಿದ. ಅಲ್ಲಿಂದ ಮುಂದೆ 1905ರಲ್ಲಿ ಸಾಯುವತನಕ ವರ್ನ್ ಲೇಖನಿ ಕೆಳಗಿಡಲಿಲ್ಲ.

ಅವನಿಗೆ ನೊಂದವರ ಬಗ್ಗೆ ಕನಿಕರವಿಲ್ಲ ಅಂತ ನಾವು ಹೇಳುತ್ತಿಲ್ಲ. ಸಮುದ್ರದಡಿಯ ಕಾದಂಬರಿಯ ಕ್ಯಾಪ್ಟನ್ ನೆಮೊ ಸಿಂಹಳದ ಕಡಲಲ್ಲಿ ಮುತ್ತು ತೆಗೆಯುವ ಬಡವನನ್ನು ಶಾರ್ಕ್ ಬಾಯಿಂದ ಉಳಿಸಿ, ಅವನ ಕೈಗೆ ಮುತ್ತಿನ ಚೀಲ ಕೊಡುತ್ತಾನೆ. ಮುಂದೆ 1874-75ರ 'ನಿಗೂಢ ದ್ವೀಪ'ದಲ್ಲಿ ಈ ನೆಮೊ ಯಾರು ಅಂತ ಗೊತ್ತಾಗುತ್ತದೆ: ಬುಂದೇಲಖಂಡದ ರಾಜಕುಮಾರ, 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದವನು, ನಮ್ಮ ಟಿಪ್ಪುವಿನ ಸೋದರಳಿಯನಂತೆ! ನಮಗೂ ಹೆಮ್ಮೆ ಆಗಬಹುದು. ಆದರೆ ನೋಡಿ, ಬಂಡೇಳುವ ಹಕ್ಕು ಸಿಕ್ಕಿದ್ದು ಅರಮನೆಯವನಿಗೆ. ಅದೇ ದ್ವೀಪದಲ್ಲಿ ನೆಬ್ ಎಂಬ ಕರಿಯನಿದ್ದಾನೆ. ಅವನ ಒಡೆಯ ಅವನನ್ನು ಜೀತದಿಂದ ಬಿಡುಗಡೆ ಮಾಡಿದ್ದಾನೆ, ಆದರೂ ಪ್ರೀತಿಯಿಂದ ಸೇವೆ ಮಾಡುತ್ತಾ ಉಳಿದಿದ್ದಾನೆ. ಅಡುಗೆಮನೆ ಅವನದು. ಜೊತೆಗೆ ಚಾಕರಿ ಕಲಿತ ಒಂದು ಒರಾಂಗುಟಾನ್. ರಾಜಕುಮಾರನಿಗೆ ರೋಷ, ಕರಿಯನಿಗೆ ನಿಷ್ಠೆ. ಈ ಪಾಲು ಹಂಚಿಕೆ ನಮಗೇನು ಹೊಸದಲ್ಲ.

ವರ್ನ್‌ನ ಒಳಗನ್ನು ಇನ್ನೂ ಸ್ಪಷ್ಟವಾಗಿ ತೋರಿಸುವುದು 1879ರ 'ಬೇಗಮ್ಮಳ ಐದುನೂರು ಮಿಲಿಯ'. ಭಾರತದ ರಾಜನೊಬ್ಬನ ವಿಧವೆಯ ಸಂಪತ್ತು, ಆಕೆಯನ್ನು ಮದುವೆಯಾದ ಫ್ರೆಂಚನ ಕಡೆಯಿಂದ, ಇಬ್ಬರು ಯುರೋಪಿಯನ್ ವಾರಸುದಾರರಿಗೆ ಬರುತ್ತದೆ. ಐವತ್ತು ಕೋಟಿ ಫ್ರಾಂಕಿಗೂ ಮಿಕ್ಕ ಹಣ. ಆ ಖಜಾನೆ ಯಾವ ರೈತನ ಬೆವರಿನಿಂದ ತುಂಬಿತು ಅಂತ ಪುಸ್ತಕ ಕೇಳುವುದಿಲ್ಲ. ಜರ್ಮನ್ ಪ್ರೊಫೆಸರ್ ಆ ಹಣದಲ್ಲಿ ಫಿರಂಗಿ ಎರೆಯುವ ಉಕ್ಕಿನ ಊರು ಕಟ್ಟುತ್ತಾನೆ. ಫ್ರೆಂಚ್ ಡಾಕ್ಟರು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆರೋಗ್ಯದ ಆದರ್ಶ ನಗರ ಕಟ್ಟುತ್ತಾನೆ. ಅಲ್ಲಿ ಗೋಡೆಗೆ ಕಾಗದ ಅಂಟಿಸುವಂತಿಲ್ಲ, ನೆಲಕ್ಕೆ ಜಮಖಾನೆ ಹಾಸುವಂತಿಲ್ಲ, ರೋಗ ಅಡಗುತ್ತದೆ. ಒಟ್ಟಿನಲ್ಲಿ ಮಡಿ ಊರು.

ಈ ಮಡಿ ಊರನ್ನು ಕಟ್ಟಿದೋರು ಯಾರು? ಚೀನೀ ಕೂಲಿಗಳು. ಅವರ ಕೂಲಿಯನ್ನು ಕೈಗೆ ಕೊಡದೆ ಸ್ಯಾನ್‌ಫ್ರಾನ್ಸಿಸ್ಕೋದ ಬ್ಯಾಂಕಿನಲ್ಲಿ ಇಡುತ್ತಾರೆ. ಹಣ ಬೇಕೇ, ಮತ್ತೆ ಈ ಊರಿಗೆ ಕಾಲಿಡಬೇಡಿ ಎಂಬುದು ಷರತ್ತು. ಹಳದಿ ಮೈಯವರು ಉಳಿದುಕೊಂಡರೆ ಊರಿನ ಗುಣ ಕೆಡುತ್ತದಂತೆ! ಇದನ್ನು ಹೇಳುವಾಗ ಪುಸ್ತಕಕ್ಕೆ ನಾಚಿಕೆಯಿಲ್ಲ, ವ್ಯಂಗ್ಯವೂ ಇಲ್ಲ. ಒಳ್ಳೆಯ ಏರ್ಪಾಡು ಎಂಬಂತೆ ಹೇಳಿ ಮುಂದೆ ಹೋಗುತ್ತದೆ. ಜರ್ಮನ್ ಊರಿನ ಗಣಿಯಲ್ಲಿ ವಿಷಗಾಳಿಗೆ ಸಿಕ್ಕಿ ಸತ್ತ ಹುಡುಗನಿಗಾಗಿ ಅದೇ ಪುಸ್ತಕ ಕಣ್ಣೀರು ಹಾಕುತ್ತದೆ. ಶತ್ರುವಿನ ಊರಿನ ಶೋಷಣೆ ಕಾಣುತ್ತದೆ, ತನ್ನ ಕನಸಿನ ಊರಿನದು ಕಾಣುವುದಿಲ್ಲ.

ಇದು ಬರೀ ಕಲ್ಪನೆಯೂ ಅಲ್ಲ. ಅಮೆರಿಕದ ಪೂರ್ವ ಪಶ್ಚಿಮವನ್ನು ಜೋಡಿಸಿ 1869ರಲ್ಲಿ ಮುಗಿದ ರೈಲು ಹಾದಿಗೆ ಪಶ್ಚಿಮದ ಕಡೆಯಿಂದ ಬಂಡೆ ಒಡೆದವರು ಬಹುಪಾಲು ಚೀನೀಯರೇ. 1882ರಲ್ಲಿ ಆ ದೇಶ ಚೀನೀ ಕೂಲಿಕಾರರು ಒಳಗೆ ಬಾರದಂತೆ ಕಾನೂನು ಮಾಡಿತು. 1943ರತನಕ ಅದು ತೊಲಗಲಿಲ್ಲ. ಕೆರೆ ತೋಡಿಸಿಕೊಂಡು ನೀರು ಮುಟ್ಟಬೇಡ ಅನ್ನುವ ಊರುಗಳನ್ನು ಬಲ್ಲ ನಮಗೆ ಈ ನ್ಯಾಯ ಅರ್ಥವಾಗಲು ಟಿಪ್ಪಣಿ ಬೇಕಿಲ್ಲ.

ಇನ್ನೊಂದು ಸಂಗತಿ. ಈ ಕಾದಂಬರಿಯ ಮೊದಲ ಹಸ್ತಪ್ರತಿ ವರ್ನ್‌ನದಲ್ಲ. 1871ರ ಪ್ಯಾರಿಸ್ ಕಮ್ಯೂನಿನಲ್ಲಿ ವಿದೇಶ ವ್ಯವಹಾರ ನೋಡಿಕೊಂಡಿದ್ದ, ಗಡೀಪಾರಾಗಿ ನ್ಯೂ ಕ್ಯಾಲೆಡೋನಿಯಾದಿಂದ 1874ರಲ್ಲಿ ತಪ್ಪಿಸಿಕೊಂಡ ಬಂಡಾಯಗಾರ ಪಾಸ್ಕಲ್ ಗ್ರೂಸೆ ಬರೆದದ್ದು. ಹೆಟ್ಸೆಲ್ ಅದನ್ನು ಕೊಂಡು ವರ್ನ್ ಕೈಯಲ್ಲಿ ಮತ್ತೆ ಬರೆಸಿದ. ವರ್ನ್ ದುಡಿದದ್ದೂ ನಿಜವೇ. ಆದರೆ ರಕ್ಷಾಪುಟದ ಮೇಲೆ ಬಂದದ್ದು ಒಂದೇ ಹೆಸರು. ಕಥೆಯ ಒಳಗೆ ಊರು ಕಟ್ಟಿದವರಿಗೆ ಆದದ್ದೇ ಕಥೆಯ ಹೊರಗೆ ಗ್ರೂಸೆಗೂ ಆಯಿತು. ಬಂಡಾಯಗಾರನ ಕೈಯಿಂದ ಹುಟ್ಟಿದ ಪುಸ್ತಕದಲ್ಲೂ ಕೂಲಿಯವನಿಗೆ ಜಾಗ ಸಿಗಲಿಲ್ಲ ಅನ್ನೋದನ್ನು ಚಳವಳಿಯವರು ಗಮನಿಸಬೇಕು.

ಹಾಗಾದರೆ ವರ್ನ್‌ನನ್ನು ಓದಬಾರದೇ? ಓದಬೇಕು. ಹಳ್ಳಿಯ ಮೇಷ್ಟ್ರುಗಳು ಅವನ ಕಥೆಗಳನ್ನು ಮಕ್ಕಳಿಗೆ ಹೇಳಲೇಬೇಕು. ವಿಜ್ಞಾನದ ಬೆರಗು ಯಾರಪ್ಪನ ಸೊತ್ತೂ ಅಲ್ಲ. ಆದರೆ ಕಥೆ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ಆ ಊರಿನ ಕೊನೇ ಇಟ್ಟಿಗೆ ಇಟ್ಟವನು ಆ ರಾತ್ರಿ ಎಲ್ಲಿ ಮಲಗಿದ? ಉತ್ತರ ಪುಸ್ತಕದಲ್ಲಿಲ್ಲ. ನಮ್ಮ ಮಕ್ಕಳಿಗೆ ಗೊತ್ತಿರುತ್ತದೆ. ಅವರು ಹೇಳಲಿ, ಬರೆಯಲಿ.