ಹೊಸ ಡ್ರೈವರಿಗೆ ಅಡ್ಡ ನಿಂತಿರುವುದು ಇನ್ಶೂರೆನ್ಸ್ ಅಲ್ಲ

‘ಅನುಭವ ಇಲ್ಲದ ಹುಡುಗನ ಕೈಗೆ ಲಾರಿ ಕೊಟ್ಟರೆ ಇನ್ಶೂರೆನ್ಸ್ ಬರೋದಿಲ್ಲ’ ಎಂಬ ಮಾತು ಅಂತರಘಟ್ಟೆ, ಅಜ್ಜಂಪುರದ ಕಡೆಯೂ ಬೇರೂರಿದೆ. ಇದನ್ನು ನಂಬಿದ ಹುಡುಗರು ಈರುಳ್ಳಿ ಲೋಡಿನ ಜೊತೆ ಯಶವಂತಪುರದ ಮಂಡಿಗೆ ಓಡಾಡುತ್ತಾ ವರ್ಷಗಟ್ಟಲೆ ಕ್ಲೀನರಾಗಿಯೇ ಉಳಿಯುತ್ತಾರೆ. ಈ ನಂಬಿಕೆ ತಪ್ಪು.

ಅಮೆರಿಕದಲ್ಲಿ ವಿಮಾ ಕಂಪನಿ ಚಾಲಕನ ಅನುಭವವನ್ನು ಅಳೆದು ಕಂತು ಹೇಳುತ್ತದೆ. ನಮ್ಮಲ್ಲಿ ಥರ್ಡ್ ಪಾರ್ಟಿ ಕಂತನ್ನು ಸರ್ಕಾರವೇ ಗೊತ್ತುಮಾಡುತ್ತದೆ, ಅದೂ ಲಾರಿಯ ಒಟ್ಟು ತೂಕ ನೋಡಿ. 2022ರ ದರದಂತೆ 12ರಿಂದ 20 ಟನ್ನಿನ ಸರಕು ಲಾರಿಗೆ 35,313 ರೂಪಾಯಿ. ಸ್ಟೇರಿಂಗ್ ಹಿಡಿದವನು ಪಳಗಿದವನಾಗಲಿ, ನಿನ್ನೆ ಡಿಎಲ್ ಪಡೆದವನಾಗಲಿ, ಕಂತು ಅಷ್ಟೇ. ಇನ್ನು ಡಿಎಲ್ ವಿಚಾರ: 7,500 ಕೆಜಿವರೆಗಿನ ಸರಕು ಗಾಡಿಗೆ ಲಘು ವಾಹನದ ಡಿಎಲ್ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿತು. ಅಲ್ಲಿ ಸೋತದ್ದು ವಿಮಾ ಕಂಪನಿಗಳ ವಾದವೇ.

ಮಾಲೀಕರ ಅಂಜಿಕೆಗೆ ಕಾರಣವೇ ಇಲ್ಲವೆಂದಲ್ಲ. ಹೊಸಬ ಗಾಡಿ ಗುದ್ದಿ, ರಿಪೇರಿಗೆ ಕ್ಲೇಮು ಹಾಕಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಆದರೆ ಇದಕ್ಕಿಂತ ದೊಡ್ಡ ಅಪಾಯವನ್ನು ಅವರೇ ಮೈಮೇಲೆ ಎಳೆದುಕೊಳ್ಳುತ್ತಿದ್ದಾರೆ. ಡ್ರೈವರಿಗೆ ನಿದ್ದೆ ಬಂದಾಗ, ನಡುರಾತ್ರಿ, ಲೋಡು ತುಂಬಿದ ಲಾರಿಯನ್ನು ಡಿಎಲ್ ಇಲ್ಲದ ಕ್ಲೀನರ್ ಓಡಿಸುತ್ತಾನೆ. ನಮ್ಮಲ್ಲಿ ಎಷ್ಟೋ ಜನ ಲಾರಿ ಕಲಿತದ್ದು ಹೀಗೆಯೇ. ಪಾಲಿಸಿ ನಿಜಕ್ಕೂ ಕೈಬಿಡುವುದು ಇಲ್ಲಿ. ಮಾಲೀಕ ತಿಳಿದೂ ಗಾಡಿ ಕೊಟ್ಟದ್ದು ಸಾಬೀತಾದರೆ, ಗಾಯಾಳುವಿಗೆ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕನಿಂದಲೇ ವಸೂಲು ಮಾಡಬಹುದು. ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ತೀರ್ಪಿನ ತಿರುಳು ಇದೇ.

ಕಲಿಯುವ ದಾರಿ ಪಾಲಿಸಿಯ ಕಾಗದದಲ್ಲೇ ಇದೆ. ಸರಕು ವಾಹನದ ಪಾಲಿಸಿಯಲ್ಲಿರುವ ಚಾಲಕರ ಷರತ್ತು ಓದಿ: ಎಲ್ಎಲ್ಆರ್ (ಕಲಿಕಾ ಪರವಾನಗಿ) ಇರುವವನೂ ಓಡಿಸಬಹುದು, ಆದರೆ ಸರಕು ಸಾಗಿಸುವಾಗ ಅಲ್ಲ. ಪಕ್ಕದಲ್ಲಿ ಡಿಎಲ್ ಇರುವ ಚಾಲಕ ಕೂತಿರಬೇಕು, ಗಾಡಿಯ ಹಿಂದೆ ಮುಂದೆ ‘ಎಲ್’ ಫಲಕ ಇರಬೇಕು. 7,500 ಕೆಜಿ ಮೀರಿದ ಸರಕು ವಾಹನದ ಎಲ್ಎಲ್ಆರ್‌ಗೆ 20 ವರ್ಷ ತುಂಬಿರಬೇಕು, ಲಘು ವಾಹನದ ಡಿಎಲ್ ಪಡೆದು ವರ್ಷವಾಗಿರಬೇಕು.

ಹಾಗಾಗಿ ಮಾಲೀಕರು ಮಾಡಬೇಕಾದದ್ದು ಸ್ಪಷ್ಟ. ಕ್ಲೀನರಾಗಿ ಸೇರಿದ ಹುಡುಗನಿಗೆ ಮೊದಲ ವರ್ಷವೇ ಲಘು ವಾಹನದ ಡಿಎಲ್ ಮಾಡಿಸಲಿ, ಆಮೇಲೆ ಎಲ್ಎಲ್ಆರ್ ಕೊಡಿಸಿ ಖಾಲಿ ಲಾರಿಯಲ್ಲಿ ಹಗಲು ಹೊತ್ತು ಕಲಿಸಲಿ. ಅದರ ಖರ್ಚು ಒಂದು ಅಪಘಾತದ ಪರಿಹಾರದ ಮುಂದೆ ಏನೇನೂ ಅಲ್ಲ. ಕಲಿಸುವ ಹೊಣೆ ತಪ್ಪಿಸಿಕೊಂಡು ಇನ್ಶೂರೆನ್ಸ್ ಮೇಲೆ ದೂರು ಹೊರಿಸುವುದು ಆ ಹುಡುಗರಿಗೆ ಮಾಡುವ ಅನ್ಯಾಯ.