ಬಿಸಿಲ ಸೀಮೆಯಲ್ಲಿ ಟ್ಯೂಬ್‌ಲೈಟ್ ಅಗಿ

ಬೀದರ್ ಜಿಲ್ಲೆಯಲ್ಲಿ ಬಿಸಿಲನ್ನು ಯಾರೂ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಆದರೂ ಹುಮನಾಬಾದ್ ಸೀಮೆಯ ನಿರ್ಣಾದಂಥ ಊರಿನಲ್ಲೂ ಮೊಬೈಲ್ ನೋಡಿದ ಹುಡುಗರ ತಲೆಗೆ ಒಂದು ಆಸೆ ಹೊಗಬಹುದು: ಮೆಣಸಿನಕಾಯಿ, ಬದನೆ, ಟೊಮೆಟೊ ಅಗಿಯನ್ನು, ಅಂದರೆ ಎಳೆಸಸಿಯನ್ನು, ಮನೆಯೊಳಗೇ, ಟ್ಯೂಬ್‌ಲೈಟಿನ ಕೆಳಗೆ ಎಬ್ಬಿಸಿದರೆ ಹೇಗೆ? ಮಂಗಗಳ ಕಾಟವಿಲ್ಲ, ಅಕಾಲದ ಮಳೆಯ ಹೆದರಿಕೆಯಿಲ್ಲ. ಆಸೆಯೇನೂ ಹಾಸ್ಯಾಸ್ಪದವಲ್ಲ. ಆದರೆ ಈ ಪದ್ಧತಿ ಎಲ್ಲಿ ಹುಟ್ಟಿತು, ಯಾವ ಕೊರತೆ ತುಂಬಲು ಹುಟ್ಟಿತು ಎಂದು ವಿಚಾರಿಸದೆ ಎರವಲು ತಂದರೆ ಕೈ ಸುಡುತ್ತದೆ.

ಹುಟ್ಟಿದ್ದು ಚಳಿಯ ದೇಶಗಳಲ್ಲಿ. ಅಲ್ಲಿ ಫೆಬ್ರುವರಿ, ಮಾರ್ಚ್‌ನಲ್ಲಿ ಹೊರಗೆ ಹಿಮ. ಏಪ್ರಿಲ್ ಕಳೆದು ನೆಡಬೇಕಾದ ಸಸಿಯನ್ನು ನೆಲಮಾಳಿಗೆಯಲ್ಲಿ ಬೆಳೆಸದೆ ಬೇರೆ ದಾರಿಯಿಲ್ಲ. ಅದೇ ನೆಲಮಾಳಿಗೆಗಳಲ್ಲಿ ಗಾಂಜಾ ಬೆಳೆಸಿದವರೂ ಇದ್ದರು. ಎಳೆಗಿಡಕ್ಕೆ ಯಾವ ಟ್ಯೂಬು, ಎಷ್ಟು ಎತ್ತರ ಎಂಬ ಎಷ್ಟೋ ಬುದ್ಧಿಮಾತು ಹರಿದು ಬಂದದ್ದು ಅವರಿಂದಲೇ. ಅದನ್ನು ಮುಚ್ಚಿಡುವುದು ಕಪಟವಾದೀತು. ನಮ್ಮಲ್ಲಿ ಗಾಂಜಾ ಬೆಳೆಸುವುದು ನೇರ ಅಪರಾಧ. 1985ರ ಮಾದಕವಸ್ತು ಕಾಯ್ದೆಯ 20ನೇ ಕಲಮಿನಡಿ ಗಾಂಜಾ ಗಿಡ ಬೆಳೆಸಿದವರಿಗೆ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕುಂಡದಲ್ಲಿ ಬೆಳೆದರೂ ಬೆಳೆಯೇ. 2023ರ ಜೂನ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರಲ್ಲಿ ದೀಪ, ಫ್ಯಾನು ಕಟ್ಟಿಕೊಂಡು ಗಾಂಜಾ ಬೆಳೆದವರು ಪೊಲೀಸರ ಕೈಗೆ ಸಿಕ್ಕರು. ಆ ಗಿಡದ ಮಾತು ಇಲ್ಲಿಗೆ ಸಾಕು. ನಾನು ತೂಗುತ್ತಿರುವುದು ತರಕಾರಿ ಅಗಿಗೆ ಟ್ಯೂಬ್‌ಲೈಟು ತಕ್ಕುದೇ ಎಂಬುದನ್ನು.

ಟ್ಯೂಬಿನ ಗುಣ ಮೊದಲು ಹೇಳಿಬಿಡುತ್ತೇನೆ. ಅದು ಮೆದು ಬೆಳಕು. ನಾಲ್ಕು ಅಡಿ ಉದ್ದಕ್ಕೂ ಹರಡಿಕೊಂಡು ಬೀಳುತ್ತದೆ, ಮೈ ಅಷ್ಟೇನೂ ಕಾಯುವುದಿಲ್ಲ. ಹಾಗಾಗಿ ಎಳೆ ಎಲೆಗೆ ಒಂದು ಗೇಣಿಗಿಂತ ಹತ್ತಿರ ತಂದರೂ ಬಾಡದು. ಹಳೆಯ ನೂರು ವ್ಯಾಟಿನ ಬಲ್ಬನ್ನು ಹಾಗೆ ಇಟ್ಟು ನೋಡಿ, ಸಂಜೆಯೊಳಗೆ ಸುಳಿ ಸುಟ್ಟಿರುತ್ತದೆ. ಆದರೆ ಹತ್ತಿರ ತರಬಹುದು ಎಂಬುದು ಟ್ಯೂಬಿನ ಗುಣವೂ ಹೌದು, ಅದರ ಷರತ್ತೂ ಹೌದು. ಜಂತಿಗೆ ಕಟ್ಟಿದ ಟ್ಯೂಬು ನಮ್ಮ ಓದಿಗಾದೀತು, ಅಗಿಗಲ್ಲ. ‘ಅಗಿ ಯಾಕ ಹಿಂಗ ಉದ್ದುದ್ದ ಆಗ್ಲಕತ್ತಾವ?’ ಎಂದು ಕೇಳುವವರ ಮನೆಯಲ್ಲಿ ದೀಪ ಎಷ್ಟು ಎತ್ತರದಲ್ಲಿದೆ ಎಂದು ಮೊದಲು ನೋಡಬೇಕು. ಬೆಳಕು ಸಾಲದ ಸಸಿ ಎಲೆ ಬಿಡುವುದನ್ನು ಮುಂದೂಡಿ ಕಾಂಡ ಚಾಚುತ್ತದೆ. ನೋಡುವವರಿಗೆ ಜೋರಾಗಿ ಬೆಳೆದಂತೆ ಕಾಣುತ್ತದೆ. ಹೊಲಕ್ಕೆ ಒಯ್ದ ದಿನ ಮೊದಲ ಗಾಳಿಗೇ ಮಲಗುತ್ತದೆ. ಟ್ಯೂಬಿನ ಎರಡು ತುದಿಗಳಲ್ಲಿ ಬೆಳಕು ಕಡಿಮೆಯಾದ್ದರಿಂದ ಸೊರಗಿದ ಅಗಿಯನ್ನು ನಡುವಿಗೆ ಸರಿಸುತ್ತಿರಬೇಕು.

ಆಯ್ಕೆಯ ವಿಷಯದಲ್ಲಿ ಅಂಗಡಿಯವರ ಮಾತು, ಡಬ್ಬಿಯ ಮೇಲಿನ ಮಾತು ಎರಡನ್ನೂ ನಾನು ಅರ್ಧಕ್ಕೆ ನಂಬುತ್ತೇನೆ. ಲ್ಯುಮೆನ್ ಎಂಬ ಲೆಕ್ಕ ಮನುಷ್ಯರ ಕಣ್ಣಿಗಾಗಿ ಮಾಡಿದ್ದು. ನಮ್ಮ ಕಣ್ಣಿಗೆ ಹಸಿರು-ಹಳದಿ ಬೆಳಕು ಹೆಚ್ಚು ತಟ್ಟುತ್ತದೆ, ಎಲೆ ಮುಖ್ಯವಾಗಿ ನೀಲಿ ಮತ್ತು ಕೆಂಪನ್ನು ಹೀರುತ್ತದೆ. ನೀಲಿಯ ಪಾಲು ಹೆಚ್ಚಿರುವ, 6500 ಕೆಲ್ವಿನ್ನಿನ ‘ಕೂಲ್ ಡೇಲೈಟ್’ ಟ್ಯೂಬು ಅಗಿಯನ್ನು ಗಿಡ್ಡಗೆ, ಗಟ್ಟಿಯಾಗಿ ಇಡುತ್ತದೆ. ನಮ್ಮ ಬಹುಪಾಲು ಮನೆಗಳಲ್ಲಿ ಉರಿಯುತ್ತಿದ್ದದ್ದು ಇದೇ. ಹಳದಿ ಛಾಯೆಯ 2700 ಕೆಲ್ವಿನ್ನಿನದು ಹೂ ಬಿಡುವ ಹಂತಕ್ಕೆ ಒಗ್ಗೀತು, ನಲವತ್ತು ದಿನದಲ್ಲಿ ಹೊಲ ಸೇರುವ ಮೆಣಸಿನಕಾಯಿ ಅಗಿಗೆ ಅದರ ಹಂಗಿಲ್ಲ. ‘ಗ್ರೋ ಲೈಟ್’ ಎಂದು ಗುಲಾಬಿ ಬಣ್ಣದ ಟ್ಯೂಬಿಗೆ ಮೂರು ಪಟ್ಟು ಬೆಲೆ ಹೇಳಿದರೆ ಮರುಮಾತಾಡದೆ ಮುಂದೆ ಹೋಗಿ.

ಇನ್ನು ಕರೆಂಟು. ತಾಮ್ರದ ಚೋಕಿನ ಹಳೆಯ 36 ವ್ಯಾಟಿನ ಟ್ಯೂಬು ಚೋಕು ಸೇರಿ ಹೆಚ್ಚುಕಡಿಮೆ 47 ವ್ಯಾಟ್ ತಿನ್ನುತ್ತದೆ. ನಾಲ್ಕು ಟ್ಯೂಬು, ದಿನಕ್ಕೆ 16 ತಾಸು ಎಂದರೆ ಮೂರು ಯೂನಿಟ್, ತಿಂಗಳಿಗೆ ತೊಂಬತ್ತು. ತೆಳ್ಳನೆಯ 28 ವ್ಯಾಟಿನ ಟಿ5 ಟ್ಯೂಬಾದರೆ ಅರವತ್ತರ ಆಸುಪಾಸು, 20 ವ್ಯಾಟಿನ ಎಲ್‌ಇಡಿ ಪಟ್ಟಿಯಾದರೆ ಮೂವತ್ತೆಂಟು. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು: 200 ಯೂನಿಟ್ ಎಂಬುದು ಗರಿಷ್ಠ ಮಿತಿ. ನಿಮ್ಮ ಪಾಲು ನಿಗದಿಯಾಗುವುದು ನಿಮ್ಮ ಮನೆಯ ಹಳೆಯ ಸರಾಸರಿ ಬಳಕೆಯ ಮೇಲೆ. ತಿಂಗಳಿಗೆ ಅರವತ್ತು ಯೂನಿಟ್ ಸುಡುತ್ತಿದ್ದ ಮನೆಯಲ್ಲಿ ಹೊಸದಾಗಿ ತೊಂಬತ್ತು ಸೇರಿದರೆ ಜೆಸ್ಕಾಂ ಕರೆಂಟ್ ಬಿಲ್ಲು ಬಂದೇ ಬರುತ್ತದೆ. ಅಗಿಗೆ ರಾತ್ರಿಯ ಕತ್ತಲೂ ಬೇಕು, ಇಪ್ಪತ್ನಾಲ್ಕು ತಾಸು ಉರಿಸುವುದರಲ್ಲಿ ಲಾಭವಿಲ್ಲ.

ಇಷ್ಟೆಲ್ಲ ಮಾಡಿ ದಕ್ಕುವುದೆಷ್ಟು? ಎರಡು ಟ್ಯೂಬಿನ ಕೆಳಗೆ, ನಾಲ್ಕು ಬೆರಳು ದೂರದಲ್ಲಿ, ಹತ್ತು ಸಾವಿರ ಲಕ್ಸ್ ಮುಟ್ಟಿದರೆ ಪುಣ್ಯ. ನಿರ್ಣಾದ ಅಂಗಳದಲ್ಲಿ ನಡುಮಧ್ಯಾಹ್ನ ಲಕ್ಷದ ಹತ್ತಿರವಿರುತ್ತದೆ. ಅರ್ಧ ಬಿಸಿಲು ತಡೆಯುವ ಹಸಿರು ನೆರಳುಪರದೆ ಕಟ್ಟಿದರೂ ನಲವತ್ತು-ಐವತ್ತು ಸಾವಿರ ಉಳಿಯುತ್ತದೆ. ಡಿಸೆಂಬರಿನಲ್ಲೂ ಈ ಸೀಮೆಯಲ್ಲಿ ಹಗಲು ಹನ್ನೊಂದು ತಾಸಿಗಿಂತ ಕಡಿಮೆಯಾಗುವುದಿಲ್ಲ. ಹೀಗಿರುವಾಗ ಒಳಗೆ ದೀಪ ಹಚ್ಚಿ ಅಗಿ ಎಬ್ಬಿಸುವುದು ಬಾವಿಯ ದಂಡೆಯಲ್ಲಿ ಕೂತು ಬಾಟಲಿ ನೀರು ಕೊಂಡಂತೆ. ಮೇಲಾಗಿ ಒಳಗೆ ಬೆಳೆದ ಅಗಿಯನ್ನು ನೇರ ಹೊಲಕ್ಕೆ ಒಯ್ಯುವಂತಿಲ್ಲ, ವಾರದ ಮಟ್ಟಿಗೆ ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ಹದಗೊಳಿಸಬೇಕು. ಅಂದರೆ ಬಿಟ್ಟುಬಂದ ಅಂಗಳಕ್ಕೇ ಮರಳಿ ಬರಬೇಕು.

ಟ್ಯೂಬ್‌ಲೈಟಿಗೆ ಮಾನ ತಂದದ್ದು ಬೇರೆಯೇ ಜಾಗ: ಅಂಗಾಂಶ ಕೃಷಿಯ ಲ್ಯಾಬು. ಬೆಂಗಳೂರಿನ ಹುಳಿಮಾವಿನಲ್ಲಿರುವ ತೋಟಗಾರಿಕೆ ಇಲಾಖೆಯ ಜೈವಿಕ ಕೇಂದ್ರ ಮಾಡುವ ಬಗೆಯ ಕೆಲಸದಲ್ಲಿ ಬಾಟಲಿಯೊಳಗಿನ ಬಾಳೆಯ ಕುಡಿಗೆ ಬಿಸಿಲು ಬೇಡ. ಸಕ್ಕರೆ ಬೆರೆತ ಪೋಷಕದ್ರವ್ಯದಿಂದಲೇ ಅದರ ಹೊಟ್ಟೆ ತುಂಬುತ್ತದೆ. ಎರಡು-ಮೂರು ಸಾವಿರ ಲಕ್ಸ್, 25 ಡಿಗ್ರಿ ಸೆಲ್ಸಿಯಸ್, 16 ತಾಸು ಬೆಳಕು ಸಾಕು. ಅಲ್ಲಿ ಟ್ಯೂಬಿನ ಮೆದುತನ ನಿಜಕ್ಕೂ ಗುಣ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬಿನ ಸಾಲು ಉರಿಯುವುದೂ ಇಂಥದ್ದೇ ಜಾಣತನ. ಅಲ್ಲಿ ಬೆಳಕು ಗಿಡಕ್ಕೆ ಊಟವಲ್ಲ, ಇರುಳು ಇನ್ನೂ ಉದ್ದವಾಗಿಲ್ಲ ಎಂದು ನಂಬಿಸಿ ಹೂ ತಡೆಯುವ ಸೂಚನೆ.

ಪಾದರಸದ ಟ್ಯೂಬಿನ ಕಾಲವೂ ಮುಗಿಯುತ್ತ ಬಂದಿದೆ. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಇಂಥ ಟ್ಯೂಬುಗಳ ತಯಾರಿಕೆ ಮತ್ತು ಆಮದು-ರಫ್ತನ್ನು 2027ರ ಅಂತ್ಯದೊಳಗೆ ನಿಲ್ಲಿಸಲು ಒಪ್ಪಿಕೊಂಡಿವೆ. ಭಾರತವೂ ಆ ಒಪ್ಪಂದದಲ್ಲಿದೆ. ಹೊಸದಾಗಿ ಹಳೆಯ ಪಟ್ಟಿ, ಚೋಕು, ಸ್ಟಾರ್ಟರು ಕೊಳ್ಳುವುದರಲ್ಲಿ ಅರ್ಥವಿಲ್ಲ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಹವ್ಯಾಸಕ್ಕೆ ಒಂದೆರಡು ಟ್ರೇ ಇಡುವವರು ಬಿಳಿ ಎಲ್‌ಇಡಿ ಪಟ್ಟಿ ತರಲಿ. ಮಾರುವಷ್ಟು ಅಗಿ ಎಬ್ಬಿಸುವವರು ಅದೇ ದುಡ್ಡನ್ನು ನೆರಳುಪರದೆಗೆ, ಕೀಟ ತಡೆಯುವ ಬಲೆಗೆ, ತೆಂಗಿನ ನಾರಿನ ಪುಡಿಗೆ ಹಾಕಲಿ. ಮನೆಯಲ್ಲಿ ಸುಟ್ಟುಹೋದ ಹಳೆಯ ಟ್ಯೂಬುಗಳಿದ್ದರೆ ದಯವಿಟ್ಟು ತಿಪ್ಪೆಯಲ್ಲಿ ಒಡೆಯಬೇಡಿ. ಅವುಗಳ ಪಾದರಸ ಗೊಬ್ಬರದ ಜೊತೆ ಹೊಲ ಸೇರುತ್ತದೆ. ಕಾನೂನಿನ ಪ್ರಕಾರ ಅವು ಇ-ತ್ಯಾಜ್ಯ, ಒಡೆಯದಂತೆ ಕಟ್ಟಿ ಅಂಥ ಕಸ ಪಡೆಯುವವರಿಗೇ ಕೊಡಿ.