ಇಪ್ಪತ್ತೈದು ಲಕ್ಷದ ಅಂತರ: ಆರ್‌ಸಿಬಿಯ 2024ರ ಹರಾಜು ನೀತಿ

ಒಂದು ಋತು ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಬಿಡುವಿನಲ್ಲಿ ತಂಡವು ಯಾರನ್ನು ಉಳಿಸಿಕೊಳ್ಳುತ್ತದೆ, ಯಾರನ್ನು ಕೈಬಿಡುತ್ತದೆ, ತೆರವಾದ ಜಾಗಕ್ಕೆ ಯಾರನ್ನು ಎಷ್ಟು ಹಣ ಕೊಟ್ಟು ತರುತ್ತದೆ ಎಂಬುದು ಮೈದಾನದ ಆಟದಷ್ಟೇ ಗಂಭೀರವಾದ ವಿಮರ್ಶೆಗೆ ಒಳಗಾಗುವ ಪದ್ಧತಿ ಅಮೆರಿಕದ ಬೇಸ್‌ಬಾಲ್‌ನಲ್ಲಿ ಚೆನ್ನಾಗಿ ಬೇರೂರಿದೆ. ಅಲ್ಲಿ 1975ರವರೆಗೂ ಆಟಗಾರನ ಮೇಲೆ ತಂಡದ ಹಿಡಿತ ಹೆಚ್ಚುಕಡಿಮೆ ಆಜೀವ ಹಿಡಿತವಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರುಗಳ ಪರವಾಗಿ ಬಂದ ಮಧ್ಯಸ್ಥಿಕೆಯ ತೀರ್ಪು ಆ ಹಿಡಿತವನ್ನು ಸಡಿಲಿಸಿತು. ಈಗ ಆರು ವರ್ಷ ಸೇವೆ ಮುಗಿಸಿದ, ಒಪ್ಪಂದದ ಅವಧಿ ತೀರಿದ ಆಟಗಾರ ‘ಫ್ರೀ ಏಜೆಂಟ್’ ಎನಿಸಿಕೊಳ್ಳುತ್ತಾನೆ, ಅಂದರೆ ಯಾವ ತಂಡದೊಡನೆಯಾದರೂ ತಾನೇ ಕುಳಿತು ಮಾತಾಡಿ ತನ್ನ ಊರನ್ನೂ ಸಂಬಳವನ್ನೂ ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನದಾಗುತ್ತದೆ. 2024ರ ಡಿಸೆಂಬರಿನಲ್ಲಿ ಹುವಾನ್ ಸೋಟೊ ನ್ಯೂಯಾರ್ಕಿನ ಯಾಂಕೀಸ್ ತಂಡವನ್ನು ಬಿಟ್ಟು ಅದೇ ನಗರದ ಮೆಟ್ಸ್ ತಂಡಕ್ಕೆ 15 ವರ್ಷಗಳ ಅವಧಿಗೆ 76.5 ಕೋಟಿ ಡಾಲರಿಗೆ ಹೋದದ್ದು ಈ ಸ್ವಾತಂತ್ರ್ಯದ ಫಲ.

ಭಾರತದ ಐಪಿಎಲ್‌ನಲ್ಲಿ ಇದಕ್ಕೆ ಹತ್ತಿರವಾದದ್ದು ಮೂರು-ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತ ಬಂದಿರುವ ‘ಮೆಗಾ ಹರಾಜು’. ಆದರೆ ಇಲ್ಲಿ ತಂಡದಿಂದ ಬಿಡುಗಡೆಯಾದವನು ಸ್ವತಂತ್ರನಾಗುವುದಿಲ್ಲ, ಸವಾಲಿಗೆ ನಿಲ್ಲುತ್ತಾನೆ. ಉಳಿಯಲು ಒಲ್ಲೆ ಎಂದು ತಂಡವನ್ನು ತೊರೆಯುವ ಹಕ್ಕು ಅವನಿಗಿದೆಯೇ ಹೊರತು ಹೋಗಿ ಸೇರುವ ಮನೆಯನ್ನು ಆರಿಸುವ ಹಕ್ಕಿಲ್ಲ. ಆದ್ದರಿಂದ ಐಪಿಎಲ್ ತಂಡದ ಬಿಡುವಿನ ಕಾಲದ ಜಾಣ್ಮೆಯನ್ನು ಅಳೆಯುವಾಗ ಆಟಗಾರರ ಮನವೊಲಿಸುವ ಕಲೆ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಬೆಲೆ ಕಟ್ಟುವ ಮತ್ತು ಕಟ್ಟಿದ ಬೆಲೆಗೆ ಅಂಟಿಕೊಳ್ಳುವ ಕಲೆಯೇ ಮುಖ್ಯವಾಗುತ್ತದೆ. ರಾಯಲ್ ಚಾಲೆಂಜರ್ಸ್ ಬೆಂಗಳೂರು, ಅಂದರೆ ಆರ್‌ಸಿಬಿ, 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಕಟ್ಟಿದ ತಂಡ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ, ಹದಿನೇಳು ಋತುಗಳಲ್ಲಿ ಒಲಿಯದ ಕಪ್ಪನ್ನು ಹದಿನೆಂಟನೆಯದರಲ್ಲಿ ತಂದಿತು. ಗೆಲುವಿನ ನಂತರ ಆ ಹರಾಜನ್ನು ಸಂಯಮದ ಮಾದರಿಯೆಂದು ಹೊಗಳುವುದು ರೂಢಿಯಾಗಿದೆ. ಹೊಗಳಿಕೆ ಸುಳ್ಳಲ್ಲ, ಆದರೆ ಅದರಲ್ಲಿ ಒಂದು ಪಾಲು ಎದುರಾಳಿ ಕೋಲ್ಕತ್ತಾ ತಂಡಕ್ಕೆ ಸಲ್ಲಬೇಕಾದದ್ದು.

ಮೊದಲು ಉಳಿಸಿಕೊಂಡವರ ಲೆಕ್ಕ. ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿಯ ಮಿತಿಯಿತ್ತು, ಗರಿಷ್ಠ ಆರು ಮಂದಿಯನ್ನು ಉಳಿಸಿಕೊಳ್ಳಲು ಅವಕಾಶವಿತ್ತು. ಆರ್‌ಸಿಬಿ ಉಳಿಸಿಕೊಂಡದ್ದು ಮೂವರನ್ನು ಮಾತ್ರ: ವಿರಾಟ್ ಕೊಹ್ಲಿ 21 ಕೋಟಿ, ರಜತ್ ಪಾಟೀದಾರ್ 11 ಕೋಟಿ, ಯಶ್ ದಯಾಳ್ 5 ಕೋಟಿ. ನಾಯಕ ಫಾಫ್ ಡುಪ್ಲೆಸಿ, ಗ್ಲೆನ್ ಮ್ಯಾಕ್ಸ್‌ವೆಲ್, ಮುಂಬೈಯಿಂದ 17.5 ಕೋಟಿಗೆ ತರಿಸಿಕೊಂಡಿದ್ದ ಕ್ಯಾಮರೂನ್ ಗ್ರೀನ್, ವಿಲ್ ಜಾಕ್ಸ್, ಏಳು ವರ್ಷ ದುಡಿದ ಮೊಹಮ್ಮದ್ ಸಿರಾಜ್ ಎಲ್ಲರೂ ಹೊರಗೆ. ಕೈಯಲ್ಲಿ ಉಳಿದದ್ದು 83 ಕೋಟಿ ಮತ್ತು ಮೂರು ‘ರೈಟ್ ಟು ಮ್ಯಾಚ್’ ಚೀಟಿಗಳು. ಈ ಚೀಟಿಯೆಂದರೆ ತಾನು ಬಿಟ್ಟ ಆಟಗಾರನಿಗೆ ಬೇರೆ ತಂಡ ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ಅವನನ್ನು ಮರಳಿ ಪಡೆಯುವ ಹಕ್ಕು. ಆದರೆ ಆ ಸಲ ನಿಯಮಕ್ಕೊಂದು ಹೊಸ ಕೊಂಡಿ ಸೇರಿ, ಹಳೆಯ ತಂಡ ಚೀಟಿ ತೋರಿಸಿದ ಮೇಲೆ ಕೂಗಿದ ತಂಡಕ್ಕೆ ಇನ್ನೊಮ್ಮೆ ಬೆಲೆ ಏರಿಸುವ ಅವಕಾಶ ದೊರೆಯಿತು. ಹೀಗಾಗಿ ಅಗ್ಗದಲ್ಲಿ ಮರಳಿ ಪಡೆಯಬಹುದೆಂಬ ಆಸೆಗೆ ಕತ್ತರಿ ಬಿತ್ತು. ಗುಜರಾತ್ 12.25 ಕೋಟಿಗೆ ಕೂಗಿದ ಸಿರಾಜನಿಗೂ ಮುಂಬೈ 5.25 ಕೋಟಿಗೆ ಕೂಗಿದ ಜಾಕ್ಸನಿಗೂ ಆರ್‌ಸಿಬಿ ಚೀಟಿ ಬಳಸಲಿಲ್ಲ. ಬಳಸಿದ್ದು ಸ್ವಪ್ನಿಲ್ ಸಿಂಗ್ ಎಂಬ ಎಡಗೈ ಸ್ಪಿನ್ನರನಿಗೆ, 50 ಲಕ್ಷಕ್ಕೆ.

ಸಿರಾಜನ ವಿಷಯದಲ್ಲಿ ಅಭಿಮಾನಿಗಳ ಸಿಟ್ಟು ಸಹಜವಾದದ್ದು, 2025ರ ಏಪ್ರಿಲ್ 2ರಂದು ಚಿನ್ನಸ್ವಾಮಿ ಅಂಗಳದಲ್ಲೇ ಅವನು 19 ರನ್ನಿಗೆ 3 ವಿಕೆಟ್ ಕಿತ್ತು ಹಳೆಯ ತಂಡವನ್ನು ಮಣಿಸಿದಾಗ ಅದು ಇಮ್ಮಡಿಯಾಯಿತು. ಆದರೂ ಆ ಒಂದು ಸಂಜೆಯನ್ನು ಹಿಡಿದು ನಿರ್ಧಾರ ತಪ್ಪೆನ್ನುವುದು ಸರಿಯಲ್ಲ. ಹೆಚ್ಚುಕಡಿಮೆ ಅದೇ ಹಣಕ್ಕೆ, ಅಂದರೆ 12.5 ಕೋಟಿಗೆ, ತಂಡ ಜೋಶ್ ಹೇಜಲ್‌ವುಡ್‌ನನ್ನು ಪಡೆಯಿತು. ಅವನು ಆ ಋತುವಿನಲ್ಲಿ 22 ವಿಕೆಟ್ ಪಡೆದನು, ಸಿರಾಜ್ 16.

ಇನ್ನು ಹೊಗಳಿಕೆಯ ತಿರುಳಿಗೆ ಬರಬೇಕು. ಜೆಡ್ಡಾದ ಮೊದಲ ದಿನ ಲಿಯಾಮ್ ಲಿವಿಂಗ್‌ಸ್ಟನ್‌ಗೆ 8.75 ಕೋಟಿ ಕೊಟ್ಟ ಮೇಲೆ ಆರ್‌ಸಿಬಿಯ ಚೀಲದಲ್ಲಿ 74.25 ಕೋಟಿಯಿತ್ತು. ಆಗ ಆಲ್‌ರೌಂಡರ್ ವೆಂಕಟೇಶ್ ಅಯ್ಯರನ ಹೆಸರು ಬಂತು. ಅವನನ್ನು ಬಿಟ್ಟಿದ್ದ ಕೋಲ್ಕತ್ತಾವೇ ಮರಳಿ ಕೊಳ್ಳಲು ಕೈ ಎತ್ತುತ್ತಿತ್ತು, ಎದುರಿಗೆ ಆರ್‌ಸಿಬಿ ಬಿಡದೆ ಕೂಗುತ್ತಿತ್ತು. ಹತ್ತು ದಾಟಿ, ಹದಿನೈದು ದಾಟಿ, ಇಪ್ಪತ್ತು ದಾಟಿ ಬೆಲೆ 23.5 ಕೋಟಿಗೆ ಬಂದಾಗ ಅದು ಆರ್‌ಸಿಬಿಯ ಕೂಗಾಗಿತ್ತು. ಕೋಲ್ಕತ್ತಾ ಇನ್ನು 25 ಲಕ್ಷ ಏರಿಸಿ 23.75 ಎಂದಾಗ ಬೆಂಗಳೂರಿನವರು ಸುಮ್ಮನಾದರು. ಆ ಕ್ಷಣದಲ್ಲಿ ಕೋಲ್ಕತ್ತಾ ಕೈ ಇಳಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಸಾದಾ ಕೂಡು-ಕಳೆಯಿಂದಲೇ ತಿಳಿಯಬಹುದು. 74.25ರಲ್ಲಿ 23.5 ಹೋದರೆ 50.75 ಕೋಟಿ. ಅದೇ ದಿನ ಮುಂದೆ ಕೊಂಡವರೆಂದರೆ ಫಿಲ್ ಸಾಲ್ಟ್ 11.5, ಜಿತೇಶ್ ಶರ್ಮಾ 11, ಹೇಜಲ್‌ವುಡ್ 12.5, ರಸಿಖ್ ದಾರ್ 6, ಸುಯಶ್ ಶರ್ಮಾ 2.6, ಒಟ್ಟು 43.6 ಕೋಟಿ. ಇವರನ್ನೆಲ್ಲ ಕೊಂಡಿದ್ದರೆ ಎರಡನೆಯ ದಿನಕ್ಕೆ ಉಳಿಯುತ್ತಿದ್ದದ್ದು 7.15 ಕೋಟಿ. ವಾಸ್ತವದಲ್ಲಿ 30.65 ಕೋಟಿ ಉಳಿಯಿತು, ಮತ್ತು ಅದರಿಂದಲೇ ಭುವನೇಶ್ವರ್ ಕುಮಾರ್ 10.75ಕ್ಕೆ, ಕೃಣಾಲ್ ಪಾಂಡ್ಯ 5.75ಕ್ಕೆ, ಟಿಮ್ ಡೇವಿಡ್ 3ಕ್ಕೆ, ರೊಮಾರಿಯೊ ಶೆಫರ್ಡ್ 1.5ಕ್ಕೆ ಬಂದರು.

ಆ ನಾಲ್ವರನ್ನು ತೆಗೆದುಹಾಕಿ 2025ರ ಋತುವನ್ನು ಓದಿದರೆ ಹಾಳೆಗಳ ನಡುವೆ ತೂತುಗಳು ಬೀಳುತ್ತವೆ. ಫೈನಲ್ಲಿನಲ್ಲಿ ನಾಲ್ಕು ಓವರಿಗೆ 17 ರನ್ ಕೊಟ್ಟು ಇಬ್ಬರನ್ನು ಕೆಡವಿ ಪಂದ್ಯಪುರುಷನಾದವನು ಕೃಣಾಲ್. ಅದೇ ಪಂದ್ಯದ ಕೊನೆಯ ಘಟ್ಟದಲ್ಲಿ ಒಂದೇ ಓವರಿನಲ್ಲಿ ಎರಡು ವಿಕೆಟ್ ತೆಗೆದವನು ಭುವನೇಶ್ವರ್. ಚೆನ್ನೈ ಮೇಲೆ 2 ರನ್ನಿನಿಂದ ಗೆದ್ದ ಪಂದ್ಯದಲ್ಲಿ 14 ಎಸೆತಕ್ಕೆ 53 ಬಾರಿಸಿದವನು ಶೆಫರ್ಡ್. ಅಯ್ಯರ್ ಸಿಕ್ಕಿದ್ದರೆ ತಂಡ ಬೇರೆ ಲೆಕ್ಕ ಹಾಕಿ ಸಾಲ್ಟನನ್ನೋ ಜಿತೇಶನನ್ನೋ ಬಿಟ್ಟು ಬೌಲರುಗಳಿಗೆ ಹಣ ಉಳಿಸುತ್ತಿತ್ತು ಎಂದು ವಾದಿಸಬಹುದು. ಆಗಲಿ, ಆದರೆ ಲಕ್ನೋದಲ್ಲಿ 228ರ ಗುರಿ ಬೆನ್ನಟ್ಟುವಾಗ 33 ಎಸೆತಕ್ಕೆ 85 ಹೊಡೆದು ತಂಡವನ್ನು ಮೊದಲ ಎರಡು ಸ್ಥಾನಕ್ಕೆ ತಂದವನು ಆ ಜಿತೇಶನೇ. ಯಾವ ಕಡೆಯಿಂದ ಎಳೆದರೂ ಬಟ್ಟೆ ಸಾಲುವುದಿಲ್ಲ. ಅಯ್ಯರನಾದರೋ ಕೋಲ್ಕತ್ತಾಕ್ಕೆ 11 ಪಂದ್ಯಗಳಲ್ಲಿ 142 ರನ್ ಗಳಿಸಿದನು.

ಹೀಗಿರುವಾಗ ಆರ್‌ಸಿಬಿಯ ಸಂಯಮವೆಂದರೆ 23.5 ಕೋಟಿಯ ಎತ್ತರದಲ್ಲಿ ನಿಂತ ಸಂಯಮ, ಕೊಹ್ಲಿಗೆ ಕೊಟ್ಟದ್ದಕ್ಕಿಂತ ಎರಡೂವರೆ ಕೋಟಿ ಹೆಚ್ಚಿನ ಎತ್ತರದಲ್ಲಿ. ಮಿತಿಯೊಂದು ಇತ್ತು, ಮಿತಿ ಬಂದಾಗ ನಿಲ್ಲುವ ಶಿಸ್ತೂ ಇತ್ತು. ಮಿತಿಯನ್ನು ಗೊತ್ತುಮಾಡಿದ ಅಂದಾಜೇ ತಪ್ಪಾಗಿತ್ತು. ತಪ್ಪು ಅಂದಾಜಿನ ಫಲವನ್ನು ಎದುರಾಳಿ ಉಣ್ಣುವಂತಾದದ್ದು ಅದೃಷ್ಟ. ಗೆದ್ದ ತಂಡದ ಪ್ರತಿ ಹೆಜ್ಜೆಯೂ ಮೊದಲೇ ಎಣಿಸಿ ಇಟ್ಟದ್ದೆಂದು ಓದುವ ವಿಮರ್ಶೆ ಈ ಕಡೆ ಕಣ್ಣು ಹಾಯಿಸುವುದೇ ಇಲ್ಲ.

ಸಂಯಮಕ್ಕಿಂತ ಹೆಚ್ಚಾಗಿ ಮೆಚ್ಚಬೇಕಾದದ್ದು ಬೇರೊಂದಿದೆ. ಬೇವೂರು, ಹುನಗುಂದ, ಇಳಕಲ್ಲಿನ ಕಡೆ ಎತ್ತು ಕೊಳ್ಳುವವನು ಅಮೀನಗಡದಂಥ ಸಂತೆಗೆ ಹೋದಾಗ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲಿನದು ಎಳೆಯ ಹೋರಿ, ಅದಕ್ಕೆ ಮುಂದಿನ ವರ್ಷಗಳ ಬೆಲೆಯೂ ಸೇರುತ್ತದೆ; ಹಲ್ಲೆಲ್ಲ ಬಂದು ‘ಬಾಯಿಗೂಡಿದ’ ಎತ್ತಿಗೆ ಆ ಹೆಚ್ಚುವರಿ ಬೆಲೆಯಿಲ್ಲ, ಆದರೆ ಈ ವರ್ಷದ ಗಳೆ ಹೊಡೆಯಲು ಅದೇ ವಾಸಿ, ಸಾಲು ತಪ್ಪುವುದಿಲ್ಲ. ಬೆಲೆಯ ಮಾತಾದರೋ ದಲ್ಲಾಳಿಯ ಟವಲಿನ ಕೆಳಗೆ, ಕೊಳ್ಳುವವನ ಬೆರಳನ್ನು ಮಾರುವವನು ಹಿಡಿದು ಒತ್ತುವಷ್ಟರಲ್ಲಿ ಮುಗಿಯುತ್ತದೆ. ಪಕ್ಕದವನಿಗೆ ಅದು ಗೊತ್ತಾಗದ ಕಾರಣ ಜಿದ್ದಿಗೆ ಬಿದ್ದು ಏರಿಸುವ ಪ್ರಸಂಗ ಕಡಿಮೆ. ಐಪಿಎಲ್‌ನ ಬಯಲು ಸವಾಲಿನಲ್ಲಿ ಜಿದ್ದೇ ಅರ್ಧ ಬೆಲೆ, ಮತ್ತು ಆ ಜಿದ್ದು ಎಳೆಯರ ಮೇಲೆ, ವಿಶೇಷವಾಗಿ ಎಳೆಯ ಬ್ಯಾಟರುಗಳ ಮೇಲೆ, ಹೆಚ್ಚು ಹರಿಯುತ್ತದೆ. ಆರ್‌ಸಿಬಿಯ ಪರವಾಗಿ ಆಂಡಿ ಫ್ಲವರ್, ಮೊ ಬೊಬಾಟ್, ದಿನೇಶ್ ಕಾರ್ತಿಕ್ ಕುಳಿತ ಮೇಜು ಬಾಯಿಗೂಡಿದವರನ್ನು ಆರಿಸಿತು: ಭುವನೇಶ್ವರನಿಗೆ ಆಗ 34 ವರ್ಷ, ಹೇಜಲ್‌ವುಡ್ ಮತ್ತು ಕೃಣಾಲರಿಗೆ 33. ಮೂರು ವರ್ಷದ ತಂಡ ಕಟ್ಟುವ ಹರಾಜಿನಲ್ಲಿ ಇದು ಅಪಾಯದ ಆಯ್ಕೆ. ಆದರೆ ವರ್ಷಗಟ್ಟಲೆ ಹೆಸರಾಂತ ಬ್ಯಾಟರುಗಳ ಮೇಲೆ ಹಣ ಸುರಿದು ಬೌಲಿಂಗಿಗೆ ಚಿಲ್ಲರೆ ಉಳಿಸುತ್ತಿದ್ದ, 2018ರಲ್ಲಿ ಕ್ರಿಸ್ ಗೇಲ್ ಮತ್ತು ಕೆ.ಎಲ್. ರಾಹುಲರನ್ನು ಬಿಟ್ಟು ಸರ್ಫರಾಜ್ ಖಾನನನ್ನು ಉಳಿಸಿಕೊಂಡಿದ್ದ ತಂಡದ ಮಟ್ಟಿಗೆ ಇದು ಸ್ವಭಾವವನ್ನೇ ಬದಲಿಸಿಕೊಂಡಂತೆ. ಭುವನೇಶ್ವರ್, ಕೃಣಾಲ್ ತಲಾ 17 ವಿಕೆಟ್ ಪಡೆದರು.

ಚಿನ್ನಸ್ವಾಮಿ ಅಂಗಳದ ಗಿಡ್ಡ ಗಡಿಗಳಿಗೆ ತಕ್ಕಂತೆ ಈ ತಂಡವನ್ನು ನೇಯಲಾಯಿತೆಂಬ ಮಾತನ್ನು ಮಾತ್ರ ಅಂಕಿಗಳು ಒಪ್ಪುವುದಿಲ್ಲ. ಲೀಗ್ ಹಂತದಲ್ಲಿ ಅಲ್ಲಿ ಪೂರ್ಣಗೊಂಡ ಐದು ಪಂದ್ಯಗಳಲ್ಲಿ ಮೂರನ್ನು ತಂಡ ಸೋತಿತು, ಎದುರಾಳಿಗಳ ನೆಲದಲ್ಲಿ ಆಡಿದ ಏಳನ್ನೂ ಗೆದ್ದಿತು. ಮನೆಗೆಂದು ಹೊಲಿಸಿದ ಅಂಗಿ ಊರೂರಿಗೆ ಹೊಂದಿತು, ಮನೆಯಲ್ಲಿ ಬಿಗಿಯಾಯಿತು.

ಕನ್ನಡಿಗರ ಪ್ರಶ್ನೆಯನ್ನು ಇಲ್ಲಿ ಎತ್ತದಿದ್ದರೆ ವಿಮರ್ಶೆ ಅಪೂರ್ಣ. 2024ರ ಮಾರ್ಚಿನಲ್ಲಿ ‘ಬ್ಯಾಂಗಲೋರ್’ ಅನ್ನು ‘ಬೆಂಗಳೂರು’ ಎಂದು ತಿದ್ದಿಕೊಂಡ ತಂಡ ಎಂಟು ತಿಂಗಳ ನಂತರದ ಹರಾಜಿನಲ್ಲಿ ಕೊಂಡ ಕರ್ನಾಟಕದ ಆಟಗಾರರು ಇಬ್ಬರೇ: ಮೊದಲ ಸುತ್ತಿನಲ್ಲಿ ಯಾರೂ ಕೊಳ್ಳದೆ ಎರಡನೆಯ ದಿನ 2 ಕೋಟಿಗೆ ಬಂದ ದೇವದತ್ತ ಪಡಿಕ್ಕಲ್ ಮತ್ತು 30 ಲಕ್ಷಕ್ಕೆ ಬಂದ ರಾಯಚೂರಿನ ಮನೋಜ್ ಭಾಂಡಗೆ. ಪಡಿಕ್ಕಲ್ ಗಾಯಗೊಂಡಾಗ ಮಯಂಕ್ ಅಗರ್ವಾಲ್ ಬದಲಿಯಾಗಿ ಸೇರಿದರು. ರಾಹುಲ್ 14 ಕೋಟಿಗೆ ದೆಹಲಿಗೆ, ಪ್ರಸಿದ್ಧ ಕೃಷ್ಣ 9.5 ಕೋಟಿಗೆ ಗುಜರಾತಿಗೆ, ವೈಶಾಖ್ ವಿಜಯಕುಮಾರ್ 1.8 ಕೋಟಿಗೆ ಪಂಜಾಬಿಗೆ ಹೋದರು. ಏಪ್ರಿಲ್ 10ರಂದು ರಾಹುಲ್ ಅದೇ ಚಿನ್ನಸ್ವಾಮಿಯಲ್ಲಿ 93 ಹೊಡೆದು, ಬ್ಯಾಟಿನಿಂದ ನೆಲಕ್ಕೆ ಗೆರೆ ಎಳೆದು ಇದು ತನ್ನ ಅಂಗಳವೆಂದು ತೋರಿಸಿದ ದೃಶ್ಯ ನಾಡಿನ ಮನಸ್ಸಿನಲ್ಲಿ ಉಳಿದಿದೆ. ಹುಟ್ಟಿದ ಊರಿನ ಕಾರಣಕ್ಕೆ ಆಟಗಾರನಿಗೆ ಹೆಚ್ಚು ಬೆಲೆ ಕೊಡಬೇಕೆಂಬ ವಾದವನ್ನು ಈ ಲೇಖನ ಒಪ್ಪುವುದಿಲ್ಲ. ರಾಹುಲನಿಗೆ 14 ಕೋಟಿ ಕೊಟ್ಟಿದ್ದರೆ ಸಾಲ್ಟ್ ಇರುತ್ತಿರಲಿಲ್ಲ. ಆದರೆ ಪ್ರಸಿದ್ಧನ ಮಾತು ಬೇರೆ. ತಂಡಕ್ಕೆ ಬೇಕಾಗಿದ್ದ ಬಗೆಯ ಬೌಲರ್, ಅದೇ ಅಂಗಳದಲ್ಲಿ ಬೆಳೆದವನು, ಭುವನೇಶ್ವರನಿಗಿಂತ ಕಡಿಮೆ ಬೆಲೆಗೆ ಹೋಗಿ ಆ ಋತುವಿನಲ್ಲಿ 25 ವಿಕೆಟ್‌ಗಳೊಡನೆ ಎಲ್ಲರಿಗಿಂತ ಮುಂದೆ ನಿಂತನು. ಇದನ್ನು ಭಾವನೆಯ ದೂರೆಂದು ತಳ್ಳಿಹಾಕುವಂತಿಲ್ಲ, ಇದು ನೇರ ಬೆಲೆಯ ದೂರು.

ಕೊಂಡವರಲ್ಲಿ ಎಲ್ಲರೂ ಫಲಿಸಲಿಲ್ಲ. ಲಿವಿಂಗ್‌ಸ್ಟನ್ 8.75 ಕೋಟಿಗೆ 112 ರನ್ ಕೊಟ್ಟನು, 6 ಕೋಟಿಯ ರಸಿಖ್ ಆಡಿದ್ದು ಬೆರಳೆಣಿಕೆಯ ಪಂದ್ಯ. ಹರಾಜಿನ ಕೊನೆಗೆ ಚೀಲದಲ್ಲಿ 75 ಲಕ್ಷ ಉಳಿಸಿ 22 ಮಂದಿಯ ತಂಡ ಕಟ್ಟಿದ ಆ ಮೇಜಿನ ಬಗ್ಗೆ ಕೊನೆಗೂ ಹೇಳಬಹುದಾದದ್ದು ಇಷ್ಟು: ದೊಡ್ಡ ಮೊತ್ತಗಳಲ್ಲಿ ಅದರ ಅಂದಾಜು ಅರ್ಧ ಸರಿ, ಅರ್ಧ ತಪ್ಪು, ಎರಡನೆಯ ದಿನದ ಸಣ್ಣ ಮತ್ತು ನಡು ಮೊತ್ತಗಳಲ್ಲಿ ಅದು ಉಳಿದ ಒಂಬತ್ತು ಮೇಜುಗಳಿಗಿಂತ ಚುರುಕಾಗಿತ್ತು, ಮತ್ತು ಕಪ್ ಬಂದದ್ದು ಆ ಚುರುಕಿನಿಂದ.

2025ರ ನವೆಂಬರಿನಲ್ಲಿ ಆರ್‌ಸಿಬಿ ಲಿವಿಂಗ್‌ಸ್ಟನ್‌ನನ್ನು ಕೈಬಿಟ್ಟಿತು, ಕೋಲ್ಕತ್ತಾ ವೆಂಕಟೇಶ್ ಅಯ್ಯರನನ್ನು ಕೈಬಿಟ್ಟಿತು. ಡಿಸೆಂಬರ್ 16ರಂದು ಅಬುಧಾಬಿಯ ಹರಾಜಿನಲ್ಲಿ ಅಯ್ಯರನ ಹೆಸರು ಮತ್ತೆ ಬಂದಾಗ ಆರ್‌ಸಿಬಿ ಮತ್ತೆ ಕೈ ಎತ್ತಿತು, ಈ ಸಲ ಅವನು ಸಿಕ್ಕನು, 7 ಕೋಟಿಗೆ.